ಮುಂಬೈಯಲ್ಲಿ ಕಾಲೇಜು ಆರಿಸುವುದು: ಕಟ್ ಆಫ್ ಪಟ್ಟಿ ಕೊನೆಗೆ ನೋಡಿ

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನದಿಂದ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಮಾತು. ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ಮೀರಾ ರೋಡ್ ಇರಲಿ, ಎಲ್ಲರ ವಾಟ್ಸಾಪಿನಲ್ಲೂ ಹಿಂದಿನ ವರ್ಷದ ಕಟ್ ಆಫ್ ಪಟ್ಟಿ ಓಡಾಡುತ್ತಿರುತ್ತದೆ. ಅಪ್ಪ ಅಮ್ಮ ಮೇಲಿನಿಂದ ಕೆಳಗೆ ಬೆರಳಿಟ್ಟುಕೊಂಡು ಬರುತ್ತಾರೆ, ಮಗುವಿನ ಪರ್ಸೆಂಟೇಜ್ ಎಲ್ಲಿ ತಾಳೆಯಾಗುತ್ತದೋ ಅಲ್ಲಿ ಬೆರಳು ನಿಲ್ಲುತ್ತದೆ. ಅದೇ ಕಾಲೇಜು. ಆಯ್ಕೆ ಮುಗಿಯಿತು.

ಕಟ್ ಆಫ್ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಹೋದ ವರ್ಷ ಎಷ್ಟು ಜನ ಆ ಕಾಲೇಜು ಕೇಳಿದರು, ಅಲ್ಲಿ ಎಷ್ಟು ಸೀಟು ಇತ್ತು, ಅಷ್ಟೇ ಅದರಲ್ಲಿರುವುದು. ಸ್ಟೇಷನ್ನಿಗೆ ಹತ್ತಿರ ಇದ್ದರೆ ಏರುತ್ತದೆ, ಕೋಟಾಗೆ ಹೋಗಿ ಉಳಿಯುವ ಸೀಟು ಕಡಿಮೆ ಇದ್ದರೆ ಏರುತ್ತದೆ, ಫೆಸ್ಟ್ ಜೋರಾಗಿದ್ದರೂ ಏರುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೇಡಂ ಇದ್ದಾರಾ ಇಲ್ವಾ ಅನ್ನುವುದು ಆ ನಂಬರಿನಲ್ಲಿ ಇರುವುದಿಲ್ಲ. ಹಾಗಾಗಿ ನಾನು ಯಾರೇ ಕೇಳಿದರೂ ಪಟ್ಟಿ ಮಡಿಸಿ ಪಕ್ಕಕ್ಕಿಡಿ ಅನ್ನುತ್ತೇನೆ. ಮೊದಲು ಕೋರ್ಸು, ಆಮೇಲೆ ಕಾಗದಪತ್ರ, ಆಮೇಲೆ ಟ್ರೈನು ಮತ್ತು ದುಡ್ಡು. ಕಟ್ ಆಫ್ ಬೇಕಾಗುವುದು ಕಟ್ಟಕಡೆಗೆ, ಫಾರ್ಮಿನಲ್ಲಿ ಹೆಸರು ತುಂಬುವಾಗ.

ಮೊದಲು ಕೋರ್ಸು

ನಮ್ಮ ಹಿರಿಯರಲ್ಲಿ ತುಂಬಾ ಜನ ಹಗಲು ಹೋಟೆಲಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಅವರಿಗೆ ಯಾವ ಕಾಲೇಜು ಸಿಕ್ಕಿದರೂ ಅದು ದೊಡ್ಡದೇ. ಆ ಗೌರವ ಇನ್ನೂ ಮನೆಗಳಲ್ಲಿ ಉಳಿದಿದೆ, ಅದಕ್ಕೇ ಕಾಲೇಜಿನ ಹೆಸರಿಗೆ ನಾವು ಬೇಗ ಸೋಲುತ್ತೇವೆ. ಆದರೆ ಮಗು ಓದುವುದು ಒಂದು ಕೋರ್ಸನ್ನು, ಕೂರುವುದು ಒಂದು ವಿಭಾಗದಲ್ಲಿ.

ಮಗ ಸಿಎ ಮಾಡುತ್ತೇನೆ ಅಂತಿದ್ದಾನೆ ಅಂದುಕೊಳ್ಳಿ. ಅವನಿಗೆ ದಿನವಿಡೀ ಹಾಜರಿ ಕೇಳುವ, ವಾರಕ್ಕೊಂದು ಪ್ರೆಸೆಂಟೇಶನ್ ಇಡುವ, ಸರ್ಕಾರದ ಅನುದಾನ ಇಲ್ಲದ ದುಬಾರಿ ಸೆಲ್ಫ್ ಫೈನಾನ್ಸ್ ಕೋರ್ಸು ಯಾಕೆ? ಬೆಳಗ್ಗಿನ ಕಾಲೇಜು, ಸಾದಾ ಬಿ.ಕಾಂ, ಮನೆಗೆ ಹತ್ತಿರ, ಮಧ್ಯಾಹ್ನದ ಮೇಲೆ ಓದಲು ಹೊತ್ತು. ಆರ್ಟಿಕಲ್‌ಶಿಪ್ ಅಂದರೆ ಸಿಎ ಆಫೀಸಿನ ಕಡ್ಡಾಯ ತರಬೇತಿ, ಅದು ಶುರುವಾದರೆ ಎರಡು ವರ್ಷ ಆಫೀಸೇ ಕಾಲೇಜು. ಮುಂಬೈ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲೂ ಬಿ.ಕಾಂ ಇದೆ, ಹಳೆಯವರು ಐಡಾಲ್ ಅನ್ನುತ್ತಿದ್ದರಲ್ಲ, ಈಗ ಅದರ ಹೆಸರು ಸಿಡಿಒಇ. ಸಿಎ ಹುಡುಗರಿಗೆ ಅದರಲ್ಲಿ ಅವಮಾನ ಏನೂ ಇಲ್ಲ.

ಇಂಜಿನಿಯರಿಂಗ್ ಅಂದರೆ ಲೆಕ್ಕವೇ ಬೇರೆ. ಮಹಾರಾಷ್ಟ್ರದಲ್ಲಿ ಸೀಟು ಹಂಚುವುದು ರಾಜ್ಯದ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿಯ ಪರ್ಸೆಂಟೈಲ್ ನೋಡಿ. ಗಣಿತಕ್ಕೆ 100, ಫಿಸಿಕ್ಸ್‌ಗೆ 50, ಕೆಮಿಸ್ಟ್ರಿಗೆ 50, ನೆಗೆಟಿವ್ ಮಾರ್ಕಿಂಗ್ ಇಲ್ಲ. ಹನ್ನೆರಡನೆಯದರಲ್ಲಿ ಪಿಸಿಎಂ ಸೇರಿ ಸಾಮಾನ್ಯ ವರ್ಗಕ್ಕೆ ಶೇಕಡಾ 45 ಬಂದರೆ ಅರ್ಹತೆ ಆಯಿತು. ನಿಮ್ಮ ಮಗ ಹನ್ನೊಂದು ಹನ್ನೆರಡು ಯಾವ ಕಾಲೇಜಲ್ಲಿ ಓದಿದ ಅಂತ ವಿಜೆಟಿಐಯಂಥ ದೊಡ್ಡ ಇಂಜಿನಿಯರಿಂಗ್ ಕಾಲೇಜು ಯಾವತ್ತೂ ಕೇಳುವುದಿಲ್ಲ. ಹಾಗಿದ್ದಾಗ ಇಂಜಿನಿಯರಿಂಗ್ ಹುಡುಗ ಹೆಸರಿನ ಹಿಂದೆ ಬಿದ್ದು ದಿನಾ ಮೂರು ಗಂಟೆ ಟ್ರೈನಲ್ಲಿ ಕಳೆಯುವುದಕ್ಕಿಂತ ಮನೆಯಿಂದ ಇಪ್ಪತ್ತು ನಿಮಿಷದ ಕಾಲೇಜಲ್ಲಿ ಸೇರಿ ಆ ಹೊತ್ತನ್ನು ಗಣಿತಕ್ಕೆ ಹಾಕುವುದು ಒಳ್ಳೆಯದು, ಅಲ್ವಾ?

ಇಂಟಿಗ್ರೇಟೆಡ್ ಅಂತ ಒಂದು ಶುರುವಾಗಿದೆ. ಕಾಲೇಜಲ್ಲಿ ಬರೀ ಹೆಸರು, ಪಾಠ ಎಲ್ಲ ಕೋಚಿಂಗ್ ಕ್ಲಾಸಿನಲ್ಲಿ. ಹೆಚ್ಚಿನ ತಾಯಿ ತಂದೆಗೆ ಇದು ಅನುಕೂಲ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ. ಕ್ಲಾಸಿನವರ ಜೊತೆ ಜಗಳವಾದರೆ, ಅಥವಾ ಆರು ತಿಂಗಳಿಗೆ ಹುಡುಗನಿಗೆ ಇದು ಆಗಲ್ಲ ಅನ್ನಿಸಿದರೆ, ಹಿಂದಕ್ಕೆ ಹೋಗಲು ಕಾಲೇಜು ಅನ್ನುವುದೇ ಇರುವುದಿಲ್ಲ. ಪ್ರಾಕ್ಟಿಕಲ್ ಯಾರು ಮಾಡಿಸುತ್ತಾರೆ, ಹಾಜರಿ ಎಲ್ಲಿ ಬೀಳುತ್ತದೆ, ಫೀಸಿನ ರಸೀದಿ ಯಾರ ಹೆಸರಲ್ಲಿ ಬರುತ್ತದೆ. ಈ ಮೂರಕ್ಕೂ ಬಾಯಿಮಾತಲ್ಲ, ಬರವಣಿಗೆಯಲ್ಲಿ ಉತ್ತರ ಕೊಟ್ಟರೆ ಮಾತ್ರ ಮುಂದಿನ ಮಾತು.

ಕಾಮರ್ಸ್ ಕಡೆಯವರಿಗೆ ಇನ್ನೊಂದು ಗೊಂದಲ ಇದೆ. 2024-25ರಿಂದ ಬಿಬಿಎ, ಬಿಎಂಎಸ್, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಅಡಿಗೆ ಬಂದವು, ಇವುಗಳಿಗೆ ರಾಜ್ಯ ಸಿಇಟಿ ಸೆಲ್ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಆಗ ಮುಂಬೈಯ ಹಲವು ಕಾಲೇಜುಗಳು ಬಿಎಂಎಸ್ ಬೋರ್ಡು ತೆಗೆದು ಬಿ.ಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್ ಅಂತ ಬೋರ್ಡು ಹಾಕಿಕೊಂಡವು. ಪರೀಕ್ಷೆ ಬೇಡ, ಹನ್ನೆರಡನೆಯ ಮಾರ್ಕ್ಸ್ ಸಾಕು. ಅದರಲ್ಲಿ ಮೋಸ ಇಲ್ಲ. ಆದರೆ ಒಂದೇ ಓಣಿಯ ಎರಡು ಕಾಲೇಜಲ್ಲಿ ಒಂದಕ್ಕೆ ಸಿಇಟಿ ಬೇಕು, ಇನ್ನೊಂದಕ್ಕೆ ಬೇಡ ಅನ್ನುವ ಪರಿಸ್ಥಿತಿ ಇದೆ. ಸಿಇಟಿಯ ಅರ್ಜಿ ಹನ್ನೆರಡನೆಯ ರಿಸಲ್ಟಿಗೆ ಮೊದಲೇ ಮುಗಿದು ಹೋಗಬಹುದು. ಡಿಸೆಂಬರ್‌ನಿಂದಲೇ ಸಿಇಟಿ ಸೆಲ್ಲಿನ ವೆಬ್‌ಸೈಟ್ ಮೇಲೆ ಒಂದು ಕಣ್ಣಿಡಿ.

ಆರ್ಟ್ಸ್ ಬಗ್ಗೆ ನಮ್ಮವರು ಮಾತೇ ಆಡುವುದಿಲ್ಲ, ಅದು ಬೇರೆ ದುಃಖ. ಸೈಕಾಲಜಿ, ಎಕನಾಮಿಕ್ಸ್, ಲಾ, ಪತ್ರಿಕೋದ್ಯಮ, ಯುಪಿಎಸ್‌ಸಿ ಅಂತ ಮನಸ್ಸಿದ್ದವರಿಗೆ 1869ರ ಸೇಂಟ್ ಝೇವಿಯರ್ಸ್, 1937ರ ರೂಯಿಯಾ ಇರುವ ಊರು ಇದು. ತೊಂಬತ್ತು ಬಂದವನನ್ನು ಸುಮ್ನೆ ಸೈನ್ಸಿಗೆ ತಳ್ಳಬೇಡಿ.

ಕಾಗದಪತ್ರ, ಅಂದರೆ ಅರ್ಧ ಯುದ್ಧ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹೊರನಾಡಿನ ನಮಗೆ ಸೀಟು ತಪ್ಪಿದಾಗ ಮಾರ್ಕ್ಸ್ ಸಾಕಾಗಲಿಲ್ಲ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ತಪ್ಪುವುದು ಒಂದು ಕಾಗದದಿಂದ.

ಮೊದಲನೆಯದು ಡೊಮಿಸೈಲ್. ಮಹಾರಾಷ್ಟ್ರದಲ್ಲಿ 15 ವರ್ಷ ವಾಸ ತೋರಿಸಬೇಕು. ವಯಸ್ಸು, ರಾಷ್ಟ್ರೀಯತೆ, ಡೊಮಿಸೈಲ್ ಮೂರೂ ಸೇರಿ ಒಂದೇ ಸರ್ಟಿಫಿಕೇಟ್, ಆಪ್ಲೇ ಸರ್ಕಾರ್ ಪೋರ್ಟಲಿನಲ್ಲಿ ಅಥವಾ ಸೇತು ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಜೂನ್‌ನಲ್ಲಿ ಇಡೀ ರಾಜ್ಯ ಅದಕ್ಕೇ ಸಾಲು ನಿಂತಿರುತ್ತದೆ. ಮಗು ಒಂಬತ್ತನೇ ಕ್ಲಾಸಲ್ಲಿ ಇರುವಾಗಲೇ ಮಾಡಿಸಿಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಎರಡನೆಯದು ಜಾತಿ ಪ್ರಮಾಣಪತ್ರ. ಊರಲ್ಲಿ ನಮಗೆ 2ಎ, 3ಬಿ ಅಂತ ಇದೆ, ತಹಶೀಲ್ದಾರರ ಸಹಿ ಇದೆ, ಹಾಗಾಗಿ ಇಲ್ಲೂ ಒಬಿಸಿ ಸಿಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸಿಗುವುದಿಲ್ಲ. ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಜೊತೆಗೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಮೀಸಲಾತಿ ಪಡೆಯಲು ನಿಮ್ಮ ಕುಟುಂಬ ನಿಗದಿತ ದಿನಕ್ಕಿಂತ ಮೊದಲೇ ಇಲ್ಲಿ ನೆಲೆಸಿತ್ತು ಅಂತ ತೋರಿಸಬೇಕು: ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಒಬಿಸಿಗೆ 13 ಅಕ್ಟೋಬರ್ 1967. ಜೊತೆಗೆ ಆ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲೂ ಇರಬೇಕು. ಅಜ್ಜ 1955ರಲ್ಲಿ ಫೋರ್ಟಿನ ಹೋಟೆಲಿಗೆ ಬಂದವರಾಗಿದ್ದರೆ ಅವರ ಹಳೆಯ ರೇಷನ್ ಕಾರ್ಡು, ಶಾಲೆಯ ದಾಖಲೆ, ಬಾಡಿಗೆ ರಸೀದಿ ಏನಿದೆ ಅಂತ ಅಟ್ಟದ ಮೇಲೆ ಹುಡುಕಿ, ಅದು ಈಗ ಚಿನ್ನ. ಪ್ರೊಫೆಶನಲ್ ಕೋರ್ಸಿಗೆ ಜಾತಿ ಪ್ರಮಾಣಪತ್ರ ಸಾಲದು, ಅದನ್ನು ಪರಿಶೀಲಿಸಿ ಸರಿ ಇದೆ ಅಂತ ಕೊಡುವ ಕಾಸ್ಟ್ ವ್ಯಾಲಿಡಿಟಿ ಅಂತ ಬೇರೆ ಇನ್ನೊಂದು ಬೇಕು, ಒಬಿಸಿಗೆ ನಾನ್ ಕ್ರೀಮಿಲೇಯರ್ ಕೂಡ. ವ್ಯಾಲಿಡಿಟಿ ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ. ಹನ್ನೊಂದನೇ ಕ್ಲಾಸಿನಲ್ಲೇ ಕಾಲೇಜಿನ ಮೂಲಕ ಅರ್ಜಿ ಹಾಕಿಸಿ.

ಮೂರನೆಯದು ಭಾಷಾ ಅಲ್ಪಸಂಖ್ಯಾತ ಕೋಟಾ. ಇದು ನಮಗೆ ನಿಜವಾಗಿ ಉಪಯೋಗ ಆಗುವಂಥದ್ದು. ಹನ್ನೊಂದನೆಯದಕ್ಕೆ ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಅರ್ಧ ಸೀಟು ಆ ಸಮುದಾಯದ ಮಕ್ಕಳಿಗೆ. ಅದರ ಜೊತೆ ಶೇಕಡಾ 10 ಇನ್‌ಹೌಸ್, ಅಂದರೆ ಅದೇ ಸಂಸ್ಥೆಯ ಶಾಲೆಯ ಮಕ್ಕಳಿಗೆ, ಶೇಕಡಾ 5 ಮ್ಯಾನೇಜ್‌ಮೆಂಟ್. ನಾವೂ ಮೈನಾರಿಟಿ ಅಲ್ವಾ ಅಂತ ಗುಜರಾತಿ ಅಥವಾ ಸಿಂಧಿ ಸಂಸ್ಥೆಯ ಕಾಲೇಜಿಗೆ ಹೋಗಿ ಕೇಳುವವರಿದ್ದಾರೆ. ಅಲ್ಲಿ ಕೋಟಾ ಅವರ ಭಾಷೆಯವರಿಗೆ, ನಮಗಲ್ಲ. ನಮ್ಮವರು ನಡೆಸುವ ಸಂಸ್ಥೆಗಳೂ ಇವೆ: ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ, ಪುಣೆಯಲ್ಲಿ ಕನ್ನಡ ಸಂಘದ ಕಾವೇರಿ ಕಾಲೇಜು. ಯಾವ ಸಂಸ್ಥೆಯ ಕೋಟಾ ಯಾವ ಭಾಷೆಯ ಹೆಸರಲ್ಲಿದೆ, ಯಾವ ಕೋರ್ಸಿಗಿದೆ ಅಂತ ಪೋರ್ಟಲಿನಲ್ಲಿ ನೋಡಿ, ಆಫೀಸಿಗೆ ಹೋಗಿ ಕೇಳಿ.

ಇಲ್ಲೊಂದು ಸಣ್ಣ ವಿಷಯ ಇದೆ. ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮಾತೃಭಾಷೆ ಅಂತ ಒಂದು ಕಲಂ ಇದ್ದರೆ ಅಲ್ಲಿ ಏನು ಬರೆದಿದೆ ಅಂತ ಇವತ್ತೇ ನೋಡಿ. ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ ಯಾವುದೇ ಆಡಿದರೂ ಒಂದನೇ ಕ್ಲಾಸಿಗೆ ಸೇರಿಸುವಾಗ ಗುಮಾಸ್ತರು ಕೇಳಿಸಿಕೊಂಡದ್ದನ್ನು ಬರೆದಿರುತ್ತಾರೆ. ಕೆಲವರದ್ದರಲ್ಲಿ ಹಿಂದಿ ಅಂತ ಇದೆ, ಮರಾಠಿ ಅಂತಲೂ ಇದೆ. ನೀವು ಕೇಳುವ ಕೋಟಾಕ್ಕೂ ಆ ಕಲಮಿಗೂ ಹೊಂದಾಣಿಕೆ ಇರಬೇಕು. ಮಗು ಶಾಲೆಯಲ್ಲಿ ಇರುವಾಗ ತಿದ್ದಿಸುವುದು ಸುಲಭ, ಬಿಟ್ಟ ಮೇಲೆ ಕಷ್ಟ.

ಹೆಸರಿನ ವಿಷಯವೂ ಹಾಗೇ. ಊರಿನ ದಾಖಲೆಯಲ್ಲಿ ಅಪ್ಪನ ಹೆಸರಿಗೆ ಮುಂದೆ ಎರಡು ಇನಿಷಿಯಲ್, ಇಲ್ಲಿನ ಪದ್ಧತಿಯಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಆಧಾರಿನಲ್ಲಿ ಒಂದು ಥರ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಹತ್ತನೆಯ ಬೋರ್ಡಿನ ಫಾರ್ಮ್ ತುಂಬುವ ಮೊದಲು ಎಲ್ಲವನ್ನೂ ಒಂದೇ ಮಾಡಿಕೊಳ್ಳಿ, ಯಾಕೆಂದರೆ ಆಮೇಲೆ ಎಲ್ಲರೂ ನೋಡುವುದು ಆ ಮಾರ್ಕ್ಸ್‌ಕಾರ್ಡಿನ ಹೆಸರನ್ನೇ.

ಊರಿಗೆ ಕಳಿಸುವ ಮೊದಲು

ಮಂಗಳೂರು, ಮೂಡುಬಿದಿರೆ, ಉಡುಪಿ ಕಡೆ ಪಿಯುಸಿಗೆ ಮಕ್ಕಳನ್ನು ಕಳಿಸುವವರು ಜಾಸ್ತಿ. ಹಾಸ್ಟೆಲ್ ಶಿಸ್ತು, ನೀಟ್ ಕೋಚಿಂಗ್, ಅಜ್ಜಿ ಮನೆ ಹತ್ತಿರ. ಓದಿಗೆ ಒಳ್ಳೆಯದೇ ಇರಬಹುದು. ಆದರೆ ಲೆಕ್ಕ ಹಾಕಿ ಕಳಿಸಿ.

ಮಹಾರಾಷ್ಟ್ರದ ಎಂಬಿಬಿಎಸ್‌ನ ಶೇಕಡಾ 85 ರಾಜ್ಯ ಕೋಟಾಕ್ಕೆ ಸಾಮಾನ್ಯವಾಗಿ ಡೊಮಿಸೈಲ್ ಜೊತೆಗೆ ಹತ್ತು, ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು. ಹನ್ನೆರಡನೆಯದನ್ನು ಮಂಗಳೂರಲ್ಲಿ ಮಾಡಿದ ದಿನವೇ ಆ ಬಾಗಿಲು ಮುಚ್ಚಿತು. ಕರ್ನಾಟಕದ ಕಡೆ ನೋಡಿದರೆ, ಅಲ್ಲಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎಯ ಮುಖ್ಯ ನಿಯಮ ಒಂದರಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುತ್ತದೆ. ಮುಂಬೈ ಮಗುವಿಗೆ ಇರುವುದು ಎರಡೇ ವರ್ಷ. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಹಾಗಂತ ಕರ್ನಾಟಕ ಪೂರ್ತಿ ಕೈ ಬಿಟ್ಟಿಲ್ಲ. ಕೆಇಎ ಅರ್ಹತೆಯಲ್ಲಿ ಹಲವು ಕಲಮುಗಳಿವೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಓದಿದ್ದನ್ನು ಲೆಕ್ಕಕ್ಕೆ ಹಿಡಿಯುವ ಕಲಂ ಇದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ಕಲಂ ಇದೆ, ಅವರಿಗೆ ಕೆಇಎ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರ ಕಡೆಯ ಕುಟುಂಬದವರು ಗಡಿನಾಡಿನ ಕಲಂ ಓದಲೇಬೇಕು. ಮಗುವಿಗೆ ಕನ್ನಡ ಓದಿ ಬರೆಯಲು ಬರುವುದಿಲ್ಲ ಅಂದರೆ ಈ ದಾರಿ ಕಾಗದದಲ್ಲಿ ಮಾತ್ರ. ಆ ವರ್ಷದ ಮಾಹಿತಿ ಪುಸ್ತಿಕೆ ಇಳಿಸಿಕೊಂಡು, ನಿಮಗೆ ಹೊಂದುವ ಕಲಂ ಯಾವುದು, ಅದಕ್ಕೆ ಬೇಕಾದ ಶಾಲಾ ದಾಖಲೆ ನಿಮ್ಮ ಕೈಲಿದೆಯಾ ಅಂತ ನೋಡಿ, ಆಮೇಲೆ ಬಸ್ ಟಿಕೆಟ್ ಮಾಡಿ. ಇಂಜಿನಿಯರಿಂಗಿಗೆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಎಲ್ಲ ರಾಜ್ಯದವರಿಗೂ ತೆರೆದಿದೆ, ಫೀಸು ಮಾತ್ರ ಸರ್ಕಾರಿ ಸೀಟಿಗಿಂತ ತುಂಬಾ ಜಾಸ್ತಿ.

ಟ್ರೈನು

ನಕ್ಷೆಯಲ್ಲಿ ದೂರ ನೋಡಬೇಡಿ. ಬೆಳಗ್ಗೆ ಏಳಕ್ಕೆ ಹತ್ತುವ ಟ್ರೈನು ಯಾವ ದಿಕ್ಕಿಗೆ ಹೋಗುತ್ತದೆ ಅಂತ ನೋಡಿ. ಮುಲುಂಡಿನ ಮಗು ಕಲ್ಯಾಣದ ಬಿರ್ಲಾ ಕಾಲೇಜಿಗೆ ಹೋದರೆ ಜನಸಂದಣಿಗೆ ಎದುರು ದಿಕ್ಕು, ಕೂತುಕೊಂಡು ಹೋಗುವ ಸಾಧ್ಯತೆ ಜಾಸ್ತಿ. ಡೊಂಬಿವಲಿಯ ಮಗು ದಕ್ಷಿಣಕ್ಕೆ ಹೊರಟರೆ ಮೊದಲ ಸವಾಲು ಬಾಗಿಲೊಳಗೆ ಕಾಲಿಡುವುದೇ. ನಲ್ಲಸೋಪಾರಾ, ವಿರಾರ್ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ರೂಯಿಯಾ, ಪೋದ್ದಾರ್ ಎರಡೂ ಮಾಟುಂಗಾ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರ. ಆದರೆ ಮಾಟುಂಗಾದಲ್ಲಿ ಫಾಸ್ಟ್ ಟ್ರೈನು ನಿಲ್ಲುವುದಿಲ್ಲ. ಫಾಸ್ಟಲ್ಲಿ ಬಂದವರು ದಾದರಿನಲ್ಲಿ ಇಳಿದು ಸ್ಲೋ ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ ಬರಬೇಕು. ಸೋಮೈಯಾ ಇರುವ ವಿದ್ಯಾವಿಹಾರವೂ ಸ್ಲೋ ಟ್ರೈನಿನ ಸ್ಟೇಷನ್ನೇ. ಸೆಂಟ್ರಲ್ ಲೈನಿನಿಂದ ಅಂಧೇರಿ, ಪಾರ್ಲೆ ಕಡೆ ಹೋಗುವವರಿಗೆ 2014ರಲ್ಲಿ ಶುರುವಾದ ಘಾಟ್‌ಕೋಪರ್ ಮೆಟ್ರೊ ಉಪಕಾರ ಮಾಡಿದೆ, ಆದರೂ ಟ್ರೈನು, ಮೆಟ್ರೊ, ಮತ್ತೆ ಟ್ರೈನು ಅಥವಾ ರಿಕ್ಷಾ, ಹೀಗೆ ಮೂರು ಸಲ ಹತ್ತಿ ಇಳಿಯುವುದು. ಬೆಳಗ್ಗೆ ಏಳರ ಲೆಕ್ಚರ್ ಇರುವ ಕಾಲೇಜು ಆದರೆ ಮಗು ಎಷ್ಟಕ್ಕೆ ಏಳಬೇಕು, ಡಬ್ಬಿ ಯಾರು ಕಟ್ಟಬೇಕು ಅನ್ನುವುದೂ ಇದರಲ್ಲೇ ಬರುತ್ತದೆ.

ಫಾರ್ಮ್ ತುಂಬುವ ಮೊದಲು ಒಂದು ವಾರದ ದಿನ, ಭಾನುವಾರ ಅಲ್ಲ, ಮಗುವಿನ ಜೊತೆ ಅದೇ ಹೊತ್ತಿಗೆ ಹೋಗಿ ಬನ್ನಿ. ಮಳೆ ಇದ್ದರೆ ಇನ್ನೂ ಒಳ್ಳೆಯದು. ಒಂದು ಕಡೆಗೆ ಒಂದೂವರೆ ಗಂಟೆ ದಾಟಿದರೆ ನಾನಂತೂ ಬೇಡ ಅನ್ನುತ್ತೇನೆ, ಎಷ್ಟು ದೊಡ್ಡ ಹೆಸರಾದರೂ.

ಒಳಗೆ ಹೋಗಿ ಏನು ನೋಡುವುದು

ಕಾಲೇಜಿನ ಗುಣಮಟ್ಟ ಅಳೆದು ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡ್ ನೋಡಿ, ಆದರೆ ಅದು ಯಾವ ವರ್ಷದ್ದು ಅಂತಲೂ ನೋಡಿ. ಬೋರ್ಡಿನ ಮೇಲೆ ದೊಡ್ಡದಾಗಿ ಎ ಪ್ಲಸ್ ಬರೆದಿರುತ್ತದೆ, ಅವಧಿ ಮುಗಿದಿರುತ್ತದೆ. ನ್ಯಾಕ್ ಇಡೀ ಕಾಲೇಜಿಗೆ, ಇಂಜಿನಿಯರಿಂಗಿನಲ್ಲಿ ಎನ್‌ಬಿಎ ಅನ್ನುವ ಮಾನ್ಯತೆ ಒಂದೊಂದು ಬ್ರಾಂಚಿಗೆ. ಕಂಪ್ಯೂಟರಿಗೆ ಇದ್ದು ಮೆಕ್ಯಾನಿಕಲ್‌ಗೆ ಇಲ್ಲದಿರಬಹುದು.

ಪ್ಲೇಸ್‌ಮೆಂಟ್ ಬ್ರೋಷರ್ ನೋಡಿ ಮರುಳಾಗಬೇಡಿ. ಒಬ್ಬನಿಗೆ ಸಿಕ್ಕ ಅತಿ ಹೆಚ್ಚಿನ ಪ್ಯಾಕೇಜು ಮುಖಪುಟದಲ್ಲಿ ಇರುತ್ತದೆ, ಅದರಿಂದ ನಿಮ್ಮ ಮಗನಿಗೇನು? ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜು ತನ್ನ ಅಂಕಿಅಂಶದ ಪಿಡಿಎಫ್ ಅನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತದೆ, ಹೆಚ್ಚಾಗಿ ಯಾರಿಗೂ ಕಾಣದ ಮೂಲೆಯಲ್ಲಿ. ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ಸರಿಯಾದ ಸಮಯಕ್ಕೆ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು, ಎಲ್ಲ ಅದರಲ್ಲಿದೆ. ಮೀಡಿಯನ್ ಅಂದರೆ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ. ನಿಮ್ಮ ಮಗ ನಿಲ್ಲುವುದು ಹೆಚ್ಚುಕಡಿಮೆ ಅಲ್ಲೇ ಅಂತ ಇಟ್ಟುಕೊಳ್ಳಿ. ಇದೂ ಕಾಲೇಜೇ ಕೊಟ್ಟ ಅಂಕಿ, ಆದರೂ ಬ್ರೋಷರಿಗಿಂತ ಮೇಲು.

ಆಮೇಲೆ ಸಿಎಚ್‌ಬಿ ಪ್ರಶ್ನೆ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಅಧ್ಯಾಪಕರಿಗೆ ಇಲ್ಲಿ ಸಿಎಚ್‌ಬಿ ಅನ್ನುತ್ತಾರೆ. ಅವರಲ್ಲಿ ಅದ್ಭುತವಾಗಿ ಕಲಿಸುವವರಿದ್ದಾರೆ, ತಪ್ಪು ಅವರದ್ದಲ್ಲ. ಆದರೆ ಒಂದು ವಿಭಾಗ ಪೂರ್ತಿ ಅವರ ಮೇಲೆ ನಿಂತಿದ್ದರೆ ಈ ವರ್ಷ ಇದ್ದವರು ಮುಂದಿನ ವರ್ಷ ಇರುವುದಿಲ್ಲ. ನಿಮಗೆ ಬೇಕಾದ ವಿಭಾಗದಲ್ಲಿ ಪರ್ಮನೆಂಟ್ ಎಷ್ಟು, ಸಿಎಚ್‌ಬಿ ಎಷ್ಟು ಅಂತ ನೇರವಾಗಿ ಕೇಳಿ. ಆಫೀಸಿನವರು ಹೇಳದಿದ್ದರೆ ಗೇಟಿನ ಹೊರಗೆ ವಡಾಪಾವ್ ತಿನ್ನುತ್ತಿರುವ ಮೂರನೇ ವರ್ಷದ ಹುಡುಗರನ್ನು ಕೇಳಿ, ಅವರು ಎಲ್ಲ ಹೇಳುತ್ತಾರೆ. ಲೆಕ್ಚರ್ ನಡೆಯುತ್ತದಾ, ಪ್ರಾಕ್ಟಿಕಲ್ ನಿಜವಾಗಿ ಮಾಡಿಸುತ್ತಾರಾ ಇಲ್ಲ ಜರ್ನಲ್ ಕಾಪಿ ಮಾಡಿಸುತ್ತಾರಾ, ರಿಸಲ್ಟ್ ಎಷ್ಟು ತಡ ಆಗುತ್ತದೆ, ಹಾಜರಿ ಶೇಕಡಾ 75ಕ್ಕಿಂತ ಕಡಿಮೆ ಆದವರನ್ನು ಏನು ಮಾಡುತ್ತಾರೆ. ಮಗುವನ್ನೇ ಮಾತಾಡಲು ಬಿಟ್ಟು ನೀವು ಚಹಾ ಕುಡಿಯುತ್ತಾ ದೂರ ನಿಂತರೆ ಉತ್ತರ ಇನ್ನೂ ನಿಜ ಇರುತ್ತದೆ.

ಆಟೊನಮಸ್ ಕಾಲೇಜು ಅಂದರೆ ಸಿಲಬಸ್, ಪರೀಕ್ಷೆ ಎಲ್ಲ ಅವರದ್ದೇ, ಡಿಗ್ರಿ ಮಾತ್ರ ವಿಶ್ವವಿದ್ಯಾಲಯದ್ದು. ಝೇವಿಯರ್ಸ್, ರೂಯಿಯಾ ಹೀಗೇ. ಕೆಲವು ಹಳೆಯ ಹೆಸರುಗಳು ಈಗ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿವೆ. ಕೆಸಿ, ಎಚ್‌ಆರ್ ಎರಡೂ ಎಚ್‌ಎಸ್‌ಎನ್‌ಸಿ ವಿಶ್ವವಿದ್ಯಾಲಯದ ಅಡಿ, ಸಿಡೆನ್‌ಹ್ಯಾಮ್, ಎಲ್ಫಿನ್‌ಸ್ಟನ್ ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯದ ಅಡಿ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾರ ಹೆಸರು ಬರುತ್ತದೆ ಅಂತ ಸೇರುವ ಮೊದಲೇ ಗೊತ್ತಿರಲಿ.

ದುಡ್ಡು

ಒಂದೇ ಕಾಲೇಜು, ಒಂದೇ ಕಟ್ಟಡ. ಕೆಳಗಿನ ಮಹಡಿಯ ಅನುದಾನಿತ ಬಿ.ಕಾಂಗೆ ಕೆಲವು ಸಾವಿರ, ಮೇಲಿನ ಮಹಡಿಯ ಸೆಲ್ಫ್ ಫೈನಾನ್ಸ್ ಕೋರ್ಸಿಗೆ ಅದರ ಎಷ್ಟೋ ಪಟ್ಟು. ಏಡೆಡ್ ಡಿವಿಶನ್ನಾ, ಅನ್‌ಏಡೆಡ್ಡಾ ಅಂತ ಕೇಳದೆ ಫಾರ್ಮ್ ತುಂಬಬೇಡಿ. ಹನ್ನೊಂದನೆಯದಕ್ಕೂ ಇದೇ ಮಾತು.

ಇಂಜಿನಿಯರಿಂಗ್, ಫಾರ್ಮಸಿಯಂಥ ಕೋರ್ಸಿನಲ್ಲಿ ಖಾಸಗಿ ಕಾಲೇಜಿನ ಫೀಸನ್ನು ರಾಜ್ಯದ ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ, ಕಾಲೇಜುವಾರು ಅಂಕಿ ಅದರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೌಂಟರಿನಲ್ಲಿ ಹೇಳಿದ ಅಂಕಿಗೂ ಅದಕ್ಕೂ ತಾಳೆ ನೋಡಿ. ರಸೀದಿ ಇಲ್ಲದೆ ಡೊನೇಶನ್ ಕೇಳುವುದು ಮಹಾರಾಷ್ಟ್ರದಲ್ಲಿ 1987ರ ಕಾನೂನಿನಿಂದಲೇ ನಿಷಿದ್ಧ, ಕೊಟ್ಟವರಿಗೆ ವಾಪಸ್ ಕೇಳಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಸೀಟು ಮಾಡಿಸಿಕೊಡುತ್ತೇನೆ ಅನ್ನುವ ನೆಂಟರ ನೆಂಟರಿಂದ ದೂರ ಇರಿ.

ಹೆಣ್ಣುಮಕ್ಕಳ ಅಪ್ಪ ಅಮ್ಮ ಇದನ್ನು ಎರಡು ಸಲ ಓದಿ. 2024-25ರಿಂದ ಮಹಾರಾಷ್ಟ್ರ ಸರ್ಕಾರ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ), ಒಬಿಸಿ ವರ್ಗದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಹುಡುಗಿಯರಿಗೆ ಪ್ರೊಫೆಶನಲ್ ಕೋರ್ಸಿನ ಟ್ಯೂಶನ್ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಭರಿಸುತ್ತದೆ. ಶರತ್ತು: ಸೀಟು ಸರ್ಕಾರವೇ ಹಂಚುವ ಕೇಂದ್ರೀಕೃತ ಪ್ರವೇಶ, ಅಂದರೆ ಕ್ಯಾಪ್ ರೌಂಡಿನಿಂದಲೇ ಬಂದಿರಬೇಕು. ಅವಸರಪಟ್ಟು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಇದು ಸಿಗುವುದಿಲ್ಲ. ವರ್ಗದ ಪ್ರಮಾಣಪತ್ರ ಬೇಕು ಅನ್ನುವಲ್ಲಿಗೆ ಮತ್ತೆ ಕಾಗದದ ಕಥೆಗೇ ಬಂದೆವು. ಅರ್ಜಿ ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ. ನಮ್ಮ ಸಂಘಗಳು ಕೊಡುವ ವಿದ್ಯಾರ್ಥಿವೇತನವನ್ನೂ ಕೇಳಿ, ನಾಚಿಕೆ ಏನಿಲ್ಲ.

ಪುಣೆಗೆ ಕಳಿಸುವವರಿಗೆ

ಸೋಲಾಪುರ, ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರಿಗೆ ಪುಣೆ ಹತ್ತಿರ. ಇಂಜಿನಿಯರಿಂಗಿಗೆ 1854ರ ಸಿಒಇಪಿ, ಆರ್ಟ್ಸ್ ಸೈನ್ಸಿಗೆ 1885ರ ಫರ್ಗ್ಯುಸನ್, ಕಾಮರ್ಸಿಗೆ 1943ರ ಬಿಎಂಸಿಸಿ ಇವೆಲ್ಲ ಊರ ನಡುವೆ ಇವೆ. ಆದರೆ ಪುಣೆ ಅಂತ ವಿಳಾಸ ಇರುವ ಎಷ್ಟೋ ಕ್ಯಾಂಪಸ್ಸುಗಳು ಇರುವುದು ವಾಘೋಲಿಯಲ್ಲಿ, ತಳೇಗಾಂವಿನಲ್ಲಿ. ಅಲ್ಲಿ ಹಾಸ್ಟೆಲ್ ಸಿಗದಿದ್ದರೆ ಪಿಜಿ, ಮೆಸ್, ಬಸ್ ಮೂರೂ ನಿಮ್ಮ ತಲೆಬಿಸಿ. ಇನ್ನೊಂದು, ಖಾಸಗಿ ವಿಶ್ವವಿದ್ಯಾಲಯ ಬೇರೆ, ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಬೇರೆ. ಪುಣೆಯಲ್ಲಿ ಮೊದಲನೆಯವು ತುಂಬಾ ಇವೆ. ಅವುಗಳ ಪ್ರವೇಶ ಪರೀಕ್ಷೆಯೂ ಬೇರೆ, ಫೀಸಿನ ಲೆಕ್ಕವೂ ಬೇರೆ, ಸರ್ಕಾರದ ಫೀಸು ರಿಯಾಯಿತಿ ಅನ್ವಯಿಸುತ್ತದಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಈಗ ಪಟ್ಟಿ ತೆಗೆಯಿರಿ

2025ರಿಂದ ಹನ್ನೊಂದನೆಯ ಪ್ರವೇಶ ಇಡೀ ಮಹಾರಾಷ್ಟ್ರಕ್ಕೆ ಒಂದೇ ಆನ್‌ಲೈನ್ ಪೋರ್ಟಲಿನಲ್ಲಿ. ಹತ್ತು ಕಾಲೇಜಿನವರೆಗೆ ಹೆಸರು ಕೊಡಬಹುದು. ಒಂದನೇ ನಂಬರಿನ ಕಾಲೇಜೇ ಸಿಕ್ಕಿದರೆ ಸೇರಲೇಬೇಕು, ಸೇರದಿದ್ದರೆ ಮುಂದಿನ ಮಾಮೂಲಿ ರೌಂಡುಗಳಿಂದ ಹೊರಗೆ. ಎರಡರಿಂದ ಹತ್ತರೊಳಗಿನದು ಸಿಕ್ಕಿದರೆ ಕಾಯುವ ಆಯ್ಕೆ ಇದೆ. ಹಾಗಾಗಿ ಸುಮ್ನೆ ನೋಡೋಣ ಅಂತ ಯಾವುದನ್ನೂ ಒಂದನೇ ನಂಬರಿಗೆ ಹಾಕಬೇಡಿ.

ಹತ್ತನ್ನು ಹೀಗೆ ತುಂಬಿ. ಟ್ರೈನು, ಫೀಸು, ವಿಭಾಗ ಮೂರರಲ್ಲೂ ಪಾಸಾದ ಕಾಲೇಜುಗಳನ್ನು ಮಾತ್ರ ಮುಂದೆ ಇಟ್ಟುಕೊಳ್ಳಿ. ಅವುಗಳ ಹೋದ ವರ್ಷದ ಕಟ್ ಆಫ್ ನೋಡಿ, ಮಗುವಿನ ಮಾರ್ಕ್ಸಿಗಿಂತ ಸ್ವಲ್ಪ ಮೇಲಿನವು ಎರಡು ಮೂರು, ಹತ್ತಿರದವು ನಾಲ್ಕು, ಖಂಡಿತ ಸಿಗುವಂಥವು ಉಳಿದವು. ನಿಮಗೆ ಇಷ್ಟದ ಕ್ರಮದಲ್ಲೇ ಬರೆಯಿರಿ, ಕಟ್ ಆಫ್ ಕ್ರಮದಲ್ಲಿ ಅಲ್ಲ. ಇನ್ನೊಂದು ಮಾತು, ಹನ್ನೊಂದನೆಯದನ್ನು ಓದಿದ ಕಾಲೇಜಲ್ಲೇ ಡಿಗ್ರಿ ಇದ್ದರೆ ಹನ್ನೆರಡಾದ ಮೇಲೆ ಬಿಎ, ಬಿ.ಕಾಂ, ಬಿ.ಎಸ್ಸಿಗೆ ಮೊದಲು ಅಲ್ಲಿನ ಮಕ್ಕಳನ್ನೇ ತೆಗೆದುಕೊಳ್ಳುತ್ತಾರೆ. ಡಿಗ್ರಿಯನ್ನೂ ಅಲ್ಲೇ ಮಾಡುವ ಮನಸ್ಸಿದ್ದರೆ ಹತ್ತನೆಯ ನಂತರದ ಆಯ್ಕೆ ಐದಾರು ವರ್ಷದ ಆಯ್ಕೆ. ಬೇರೆ ಕಾಲೇಜಿಗೆ ಡಿಗ್ರಿಗೆ ಹೋಗುವವರು ಮುಂಬೈ ವಿಶ್ವವಿದ್ಯಾಲಯದ ಪ್ರೀ ಅಡ್ಮಿಶನ್ ನೋಂದಣಿ ಮೊದಲು ಮಾಡಿ, ಆಮೇಲೆ ಪ್ರತಿ ಕಾಲೇಜಿಗೂ ಬೇರೆ ಬೇರೆ ಫಾರ್ಮ್ ತುಂಬಬೇಕು. ಮೊದಲನೆಯದು ಮಾಡಿ ಎಲ್ಲ ಆಯಿತು ಅಂತ ಕೂತವರು ಮೆರಿಟ್ ಲಿಸ್ಟಿನಲ್ಲಿ ಹೆಸರು ಹುಡುಕುತ್ತಾ ಇರುತ್ತಾರೆ.

ಪಾಸ್‌ವರ್ಡ್ ನಿಮ್ಮ ಕೈಲೇ ಇರಲಿ, ಸೈಬರ್ ಕೆಫೆಯವನ ಹತ್ತಿರ ಅಲ್ಲ. ಒಟಿಪಿ ಬರುವ ನಂಬರ್ ಆ ಒಂದು ತಿಂಗಳು ಬದಲಾಗಬಾರದು. ಲೀವಿಂಗ್ ಸರ್ಟಿಫಿಕೇಟ್ ಕಾಲೇಜಿಗೆ ಕೊಡುವ ಮೊದಲು ಸ್ಕ್ಯಾನ್ ಮಾಡಿ, ಜೆರಾಕ್ಸ್ ಮಾಡಿ ದೃಢೀಕರಿಸಿ ಇಟ್ಟುಕೊಳ್ಳಿ, ಡೊಮಿಸೈಲ್‌ಗೂ ವ್ಯಾಲಿಡಿಟಿಗೂ ಅದೇ ಮತ್ತೆ ಬೇಕಾಗುತ್ತದೆ. ಡಿಗ್ರಿಗೆ ಸೇರಿದ ಮೇಲೆ ಇನ್ನೂ ಒಳ್ಳೆಯ ಸೀಟು ಸಿಕ್ಕಿ ಬಿಡಬೇಕಾಗಿ ಬಂದರೆ, ಯುಜಿಸಿ ನಿಯಮದ ಪ್ರಕಾರ ಕಾಲೇಜು ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಫೀಸು ವಾಪಸ್ ಕೊಡಲೂ ದಿನಾಂಕದ ಲೆಕ್ಕ ಇದೆ. ರದ್ದತಿ ಅರ್ಜಿಯನ್ನು ಕೈಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಅದೇ ದಿನ ಇಮೇಲ್ ಕೂಡ ಕಳಿಸಿ.